ಸ್ವಿಚ್ ಆಫ್ ಮಾಡಿದರೂ ಆಫ್ ಆಗದ ಔಟ್‌ಲೆಟ್: ನ್ಯೂಜೆರ್ಸಿ ಮನೆಯಲ್ಲಿ ನಾನೇ ಮಾಡಿಕೊಂಡದ್ದು

ನಮ್ಮ ಕಡೆ ಗೋಡೆಯಲ್ಲಿ ಸಾಕೆಟ್ ಇದ್ದರೆ ಪಕ್ಕದಲ್ಲೇ ಅದರ ಸ್ವಿಚ್ಚೂ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ, ಔಟ್‌ಲೆಟ್‌ಗೆ ಸ್ವಿಚ್ಚೇ ಇಲ್ಲ, ಸದಾ ಕರೆಂಟ್ ಇರುತ್ತದೆ. ಆದರೆ ಎಷ್ಟೋ ಹಳೆಯ ಮನೆಗಳ ಹಾಲ್‌ನಲ್ಲಿ, ಬೆಡ್‌ರೂಮಿನಲ್ಲಿ ಸೀಲಿಂಗ್ ಲೈಟೇ ಇಲ್ಲ. ಬಾಗಿಲ ಬಳಿ ಒಂದು ಸ್ವಿಚ್ ಇರುತ್ತದೆ, ಅದು ಎಲ್ಲೋ ಸೋಫಾ ಹಿಂದಿನ ಔಟ್‌ಲೆಟ್‌ನ ಅರ್ಧ ಭಾಗವನ್ನು, ಅಂದರೆ ಮೇಲೆ ಕೆಳಗಿರುವ ಎರಡು ಸಾಕೆಟ್ಟುಗಳಲ್ಲಿ ಒಂದನ್ನು, ಆಡಿಸುತ್ತದೆ. ಅಲ್ಲಿ ನೆಲದ ಲ್ಯಾಂಪ್ ಸಿಕ್ಕಿಸಿಕೊಳ್ಳಲಿ ಎಂಬ ಲೆಕ್ಕ. ಇಲ್ಲಿನ ಎಲೆಕ್ಟ್ರಿಷಿಯನ್‌ಗಳು ಇದನ್ನು ಹಾಫ್ ಹಾಟ್ ಎನ್ನುತ್ತಾರೆ.

ನಮ್ಮ ಹಾಲ್‌ನಲ್ಲಿ ಮೇಲಿನ ಅರ್ಧಕ್ಕೆ ಮೋಡೆಮ್, ಸ್ವಿಚ್ಚಿಗೆ ಸೇರಿದ ಕೆಳಗಿನ ಅರ್ಧಕ್ಕೆ ರೂಟರ್. ಊರಿಂದ ಬಂದಿದ್ದ ಅತ್ತೆಯವರು ಮಲಗುವ ಮುಂಚೆ ಕಣ್ಣಿಗೆ ಬಿದ್ದ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡುವವರು. ರಾತ್ರಿ ಆಫೀಸ್ ಕಾಲ್ ನಡುವೆ ವೈಫೈ ಹೋಗುತ್ತಿತ್ತು. ಮೇಲಿನ ಅರ್ಧಕ್ಕೆ ಒಂದು ಪವರ್ ಸ್ಟ್ರಿಪ್ ಹಾಕಿ ಎರಡನ್ನೂ ಅದಕ್ಕೇ ಸಿಕ್ಕಿಸಿದರೂ ಸಮಸ್ಯೆ ಮುಗಿಯುತ್ತದೆ. ಅಷ್ಟೇ ಸಾಕು ಎನ್ನುವವರು ಮುಂದೆ ಓದಬೇಕಿಲ್ಲ. ನನಗೆ ಸೋಫಾ ಹಿಂದೆ ಧೂಳು ತಿನ್ನುತ್ತಾ ಸ್ಟ್ರಿಪ್ ಬಿದ್ದಿರುವುದು ಇಷ್ಟವಾಗಲಿಲ್ಲ. ಎರಡೂ ಅರ್ಧಕ್ಕೆ ಸದಾ ಕರೆಂಟ್ ಬರುವಂತೆ ಮಾಡಲು ಹೊರಟೆ.

ಭಾರತದಲ್ಲಿ ಚಿಕ್ಕಪುಟ್ಟ ವೈರಿಂಗ್ ಮಾಡಿಕೊಂಡ ಕೈ ಇಲ್ಲಿ ಎಡವುವುದು ಬಣ್ಣದಲ್ಲಿ. ಅಲ್ಲಿ ಕಪ್ಪು ನ್ಯೂಟ್ರಲ್, ಕೆಂಪು ಫೇಸ್. ಇಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಕೆಂಪೂ ಫೇಸೇ, ಸಾಮಾನ್ಯವಾಗಿ ಸ್ವಿಚ್ ಮೂಲಕ ಬಂದದ್ದು. ಅರ್ತಿಂಗ್‌ಗೆ ಹೊದಿಕೆಯೇ ಇಲ್ಲದ ಬರಿಯ ತಾಮ್ರದ ತಂತಿ. ಕಪ್ಪನ್ನು ಕಂಡ ಕೂಡಲೇ ‘ನ್ಯೂಟ್ರಲ್ ತಾನೆ’ ಎಂದು ಕೈ ಹೋಗುವ ಅಭ್ಯಾಸವನ್ನು ಮೊದಲು ಬಿಡಬೇಕು. 120 ವೋಲ್ಟ್ ಅಂದಮಾತ್ರಕ್ಕೆ ಸದರವೂ ಬೇಡ, ಜೀವ ತೆಗೆಯಲು ಅಷ್ಟು ಸಾಕು.

ಬ್ರೇಕರ್ (ನಮ್ಮ ಕಡೆಯ ಎಂಸಿಬಿ) ಇಳಿಸುವ ಮೊದಲೇ ಒಂದು ಪರೀಕ್ಷೆ ಮಾಡಿದೆ. ಕೆಲವು ಮನೆಗಳಲ್ಲಿ ಒಂದೇ ಔಟ್‌ಲೆಟ್‌ನ ಎರಡು ಅರ್ಧಗಳು ಎರಡು ಬೇರೆ ಬ್ರೇಕರ್‌ಗಳಿಂದ ಬಂದಿರುತ್ತವೆ. ಆಗ ಕಪ್ಪು ಮತ್ತು ಕೆಂಪಿನ ನಡುವೆ 240 ವೋಲ್ಟ್ ಇರಬಹುದು. ಸ್ವಿಚ್ ಆನ್ ಇಟ್ಟು, ಎರಡೂ ಅರ್ಧಗಳ ಚಿಕ್ಕ ಸೀಳುಗಳ (ಫೇಸ್ ಇರುವುದು ಅಲ್ಲೇ) ನಡುವೆ ಮಲ್ಟಿಮೀಟರ್ ಹಿಡಿದೆ. ಸೊನ್ನೆ ಬಂತು. ಬ್ರೇಕರ್ ಇಳಿಸಿದ ಮೇಲೆ ಎರಡೂ ಅರ್ಧ ಒಟ್ಟಿಗೇ ಸತ್ತವು. ಅಲ್ಲಿಗೆ ಒಂದೇ ಸರ್ಕ್ಯೂಟ್ ಎಂಬುದು ಖಾತ್ರಿ. ಬ್ರೇಕರುಗಳಿರುವ ಪ್ಯಾನೆಲ್ ಬಾಗಿಲಿನ ಮೇಲೆ ಹಿಂದಿನ ಮಾಲೀಕರು ಪೆನ್ಸಿಲ್ಲಿನಲ್ಲಿ ಬರೆದ ಹೆಸರುಗಳನ್ನು ನಾನು ನಂಬಲಿಲ್ಲ. ಮೀಟರನ್ನು ಮೊದಲು ಕರೆಂಟ್ ಇರುವ ಇನ್ನೊಂದು ಔಟ್‌ಲೆಟ್‌ನಲ್ಲಿ ನೋಡಿ, ಆಮೇಲೆ ಇದರಲ್ಲಿ, ಮತ್ತೆ ಅದರಲ್ಲಿ ನೋಡಿದೆ. ಮೀಟರ್ ಕೈಕೊಟ್ಟಿದ್ದರೆ ಹೀಗೆ ಗೊತ್ತಾಗುತ್ತದೆ.

ಔಟ್‌ಲೆಟ್ ಹೊರಗೆಳೆದಾಗ ಕಂಡದ್ದು ಎರಡು ಕೇಬಲ್. ಎರಡರಲ್ಲೂ ಕಪ್ಪು, ಬಿಳಿ, ಕೆಂಪು ಮತ್ತು ಬರಿ ತಾಮ್ರ. ಒಂದು ಸ್ವಿಚ್ ಬಾಕ್ಸಿನಿಂದ ಬಂದದ್ದು, ಇನ್ನೊಂದು ಕಿಟಕಿ ಪಕ್ಕದ ಔಟ್‌ಲೆಟ್‌ಗೆ ಹೋಗುವುದು. ಅದೂ ಹಾಫ್ ಹಾಟೇ. ಹಿತ್ತಾಳೆ ಬಣ್ಣದ ಎರಡು ಸ್ಕ್ರೂಗಳ ನಡುವಿನ ಪುಟ್ಟ ಲೋಹದ ಪಟ್ಟಿಯನ್ನು ಮುರಿದು ತೆಗೆದಿದ್ದರು. ಅರ್ಧ ಮಾತ್ರ ಸ್ವಿಚ್ಚಿಗೆ ಬರುವುದು ಇದರಿಂದಲೇ. ಒಮ್ಮೆ ಮುರಿದ ಪಟ್ಟಿಯನ್ನು ಮತ್ತೆ ಜೋಡಿಸಲಾಗದು, ಹೊಸ ಔಟ್‌ಲೆಟ್ಟೇ ಬೇಕು. ಕೆಲವೇ ಡಾಲರ್ ಅಷ್ಟೆ. ಮೈಮೇಲೆ ಟಿಆರ್ ಎಂದು ಅಚ್ಚಾಗಿರುವುದನ್ನೇ ತಂದೆ. ಮಕ್ಕಳು ಒಂದೇ ಸೀಳಿಗೆ ಪಿನ್ ತೂರಿಸಲಾಗದಂತೆ ಒಳಗೆ ಮುಚ್ಚಳ ಇರುವ ಬಗೆ ಅದು. 2008ರಿಂದ ಇಲ್ಲಿನ ಎಲೆಕ್ಟ್ರಿಕಲ್ ಕೋಡ್ (ವೈರಿಂಗ್ ನಿಯಮಾವಳಿ) ಹೊಸ ಮನೆಗಳಿಗೆ ಇದನ್ನೇ ಕೇಳುತ್ತದೆ. ಇಂಥ ಕೋಣೆಯ ಔಟ್‌ಲೆಟ್ ಬದಲಿಸುವಾಗ ಆರ್ಕ್ ಫಾಲ್ಟ್ ರಕ್ಷಣೆಯನ್ನೂ (ತಂತಿಯಲ್ಲಿ ಕಿಡಿ ಹಾರಿದರೆ ಕರೆಂಟ್ ಕಡಿಯುವ ವ್ಯವಸ್ಥೆ) ಈಗಿನ ಕೋಡ್ ಕೇಳುತ್ತದೆ. ನಮ್ಮ ಪ್ಯಾನೆಲ್‌ನಲ್ಲಿ ಆ ಸರ್ಕ್ಯೂಟಿಗೆ ಅಂಥ ಬ್ರೇಕರ್ ಮೊದಲೇ ಇತ್ತು.

ಈಗ ಕೆಂಪು ತಂತಿಯ ಪ್ರಶ್ನೆ. ಹೊಸ ಔಟ್‌ಲೆಟ್‌ನ ಪಟ್ಟಿಯನ್ನು ಮುರಿಯದೆ, ಹಳೆಯದರಲ್ಲಿ ಇದ್ದಂತೆ ಕಪ್ಪನ್ನು ಮೇಲಕ್ಕೆ, ಕೆಂಪನ್ನು ಕೆಳಕ್ಕೆ ಕಟ್ಟಿಬಿಟ್ಟರೂ ಎರಡೂ ಅರ್ಧಕ್ಕೆ ಸದಾ ಕರೆಂಟ್ ಇರುತ್ತದೆ. ಹಲವರು ಮಾಡುವುದು ಅದನ್ನೇ, ನೋಡಲು ಸರಿಯಾಗಿಯೂ ಕಾಣುತ್ತದೆ. ಆದರೆ ಆಗ ಕಪ್ಪೂ ಕೆಂಪೂ ಅಲ್ಲಿ ಒಂದಾಗಿ, ಸ್ವಿಚ್ ಆಫ್ ಇದ್ದರೂ ಕೆಂಪಿಗೆ ಹಿಂದಿನಿಂದ ಕರೆಂಟ್ ಹರಿಯುತ್ತದೆ. ಸ್ವಿಚ್ ಆಫ್ ಇದೆ ಎಂದು ನಂಬಿ ಮುಂದೆ ಯಾರೋ ಕೈ ಹಾಕಿಯಾರು. ಎರಡು ಬ್ರೇಕರ್ ಇರುವ ಮನೆಯಲ್ಲಾದರೆ ಬ್ರೇಕರ್ ಏರಿಸಿದೊಡನೆ ಶಾರ್ಟ್ ಆಗಬಹುದು. ಆದ್ದರಿಂದ ಕೆಂಪು ತಂತಿ ಈ ಔಟ್‌ಲೆಟ್ಟಿಗೆ ತಾಗಲೇಬಾರದು.

ನಾನು ಬಂದ ಕೆಂಪು, ಹೋಗುವ ಕೆಂಪು ಎರಡನ್ನೂ ಒಂದು ವೈರ್ ನಟ್ಟಿನಲ್ಲಿ (ತಂತಿ ತುದಿಗಳನ್ನು ಒಟ್ಟಿಗೆ ಹಿಡಿಯುವ ಪ್ಲಾಸ್ಟಿಕ್ ಟೋಪಿ) ತಿರುಚಿ ಬಾಕ್ಸಿನ ಹಿಂದಕ್ಕೆ ತಳ್ಳಿದೆ. ಸ್ವಿಚ್ಚಿನ ಅಧಿಕಾರ ಈ ಔಟ್‌ಲೆಟ್ಟನ್ನು ದಾಟಿ ಸೀದಾ ಕಿಟಕಿ ಪಕ್ಕದ ಲ್ಯಾಂಪಿಗೆ ಹೋಗುತ್ತದೆ. ಇದು ನನ್ನ ಅನುಕೂಲಕ್ಕೆ ಮಾತ್ರವಲ್ಲ. ವಾಸದ ಕೋಣೆಗೆ ಗೋಡೆಯ ಸ್ವಿಚ್ಚಿನಿಂದ ಹೊತ್ತಿಸಬಹುದಾದ ಬೆಳಕು ಇರಲೇಬೇಕು ಎಂದು ಇಲ್ಲಿನ ಎಲೆಕ್ಟ್ರಿಕಲ್ ಕೋಡ್ ಹೇಳುತ್ತದೆ. ಅಡುಗೆಮನೆ, ಬಾತ್‌ರೂಮು ಬಿಟ್ಟು ಉಳಿದ ಕಡೆ ಸ್ವಿಚ್ ಇರುವ ಔಟ್‌ಲೆಟ್ ಆ ಲೆಕ್ಕಕ್ಕೆ ಬರುತ್ತದೆ. ಕೋಣೆಯ ಎಲ್ಲ ಹಾಫ್ ಹಾಟನ್ನೂ ಕಿತ್ತುಹಾಕಿ ಸೀಲಿಂಗ್ ಲೈಟೂ ಇಲ್ಲದಿದ್ದರೆ ನಿಯಮ ಮುರಿದಂತೆ. ಕತ್ತಲಲ್ಲಿ ತಡವರಿಸುವುದು ಬೇರೆ.

ಮೂರು ಕಪ್ಪು ಒಂದು ನಟ್ಟಿನಲ್ಲಿ: ಬಂದದ್ದು, ಹೋಗುವುದು, ಔಟ್‌ಲೆಟ್‌ಗೆ ಒಂದು ತುಂಡು. ಬಿಳಿಗೂ ತಾಮ್ರಕ್ಕೂ ಅದೇ ಕ್ರಮ. ಕಪ್ಪಿನ ತುಂಡು ಹಿತ್ತಾಳೆ ಸ್ಕ್ರೂಗೆ, ಬಿಳಿ ಬೆಳ್ಳಿ ಬಣ್ಣದ್ದಕ್ಕೆ, ತಾಮ್ರ ಹಸಿರಿಗೆ. ತಂತಿಯ ತುದಿಯ ಕೊಕ್ಕೆ ಸ್ಕ್ರೂ ಬಿಗಿಯುವ ದಿಕ್ಕಿಗೇ ಬಾಗಿರಬೇಕು, ಇಲ್ಲದಿದ್ದರೆ ಬಿಗಿದಷ್ಟೂ ಹೊರಗೆ ಜಾರುತ್ತದೆ. ಹಳೆಯ ಔಟ್‌ಲೆಟ್‌ನಲ್ಲಿ ತಂತಿಗಳನ್ನು ಹಿಂದಿನ ತೂತುಗಳಿಗೆ ಸುಮ್ಮನೆ ಚುಚ್ಚಿದ್ದರು. ಎಳೆದರೆ ಒಂದು ಕೈಗೇ ಬಂತು. ನಾನು ಆ ತೂತುಗಳನ್ನು ಬಳಸುವುದಿಲ್ಲ.

ಬಾಕ್ಸಿನಲ್ಲಿ ಜಾಗ ಸಾಕೇ ಎಂದೂ ನೋಡಿಕೊಳ್ಳಬೇಕು. ಒಳಗೆ 18 ಕ್ಯೂಬಿಕ್ ಇಂಚ್ ಎಂದು ಅಚ್ಚಾಗಿತ್ತು. 14 ಗೇಜ್ ದಪ್ಪದ ಒಂದೊಂದು ತಂತಿಗೆ 2 ಕ್ಯೂಬಿಕ್ ಇಂಚ್ ಬೇಕು. ತಂತಿಗಳ ಲೆಕ್ಕ: ಹೊರಗಿಂದ ಬಂದ ಆರು, ಅರ್ತಿಂಗ್ ಎಲ್ಲ ಸೇರಿ ಒಂದು, ಔಟ್‌ಲೆಟ್‌ಗೆ ಎರಡು. ಒಟ್ಟು ಒಂಬತ್ತು, ಅಂದರೆ ಸರಿಯಾಗಿ 18. ಒಳಗೇ ಇರುವ ತುಂಡುಗಳು ಲೆಕ್ಕಕ್ಕಿಲ್ಲ. ಲೆಕ್ಕ ಕೂಡಿ ಬಂದರೂ ಮಡಚಿ ತುಂಬುವಾಗ ಬೆರಳು ನೋಯುತ್ತದೆ.

ನಿಮ್ಮ ಮನೆಯಲ್ಲಿ ತಂತಿ ಬೆಳ್ಳಗೆ ಅಲ್ಯೂಮಿನಿಯಂನಂತೆ ಕಂಡರೆ ಅಲ್ಲಿಗೇ ಮುಚ್ಚಿ ಎಲೆಕ್ಟ್ರಿಷಿಯನ್ ಕರೆಯಿರಿ. 1965ರಿಂದ 1973ರ ಸುಮಾರಿಗೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಅದನ್ನು ಹಾಕಿದ್ದಾರೆ, ಜೋಡಣೆಗಳು ಕಾದು ಬೆಂಕಿ ಹತ್ತಿದ್ದೂ ಇದೆ. ಇನ್ನು ಕೆಲವು ಮನೆಗಳಲ್ಲಿ ಕರೆಂಟ್ ಮೊದಲು ಔಟ್‌ಲೆಟ್‌ಗೆ ಬಂದು, ಅಲ್ಲಿಂದ ಎರಡೇ ತಂತಿಯ ಕೇಬಲ್ ಸ್ವಿಚ್ಚಿಗೆ ಹೋಗಿ ಹಿಂದಿರುಗುತ್ತದೆ. ಅಲ್ಲಿ ಬಿಳಿ ತಂತಿಯೇ ಫೇಸ್ ಹೊತ್ತಿರುತ್ತದೆ. ಅದಕ್ಕೆ ಕಪ್ಪು ಟೇಪ್ ಸುತ್ತಿರಬೇಕು, ಹಳೆಯ ಕೆಲಸದಲ್ಲಿ ಎಷ್ಟೋ ಸಲ ಸುತ್ತಿರುವುದಿಲ್ಲ. ಟೆಕ್ಸಸ್‌ನಲ್ಲಿರುವ ಗೆಳೆಯನ ಅಪಾರ್ಟ್‌ಮೆಂಟಿನಲ್ಲಿ ಹಾಗೆಯೇ ಇತ್ತು. ಅವನು ಫೋಟೊ ಕಳಿಸಿದ, ಬಾಡಿಗೆ ಮನೆಗೆ ಕೈ ಹಾಕಬೇಡ ಮಾರಾಯ ಎಂದೆ, ಮುಚ್ಚಿ ಆಫೀಸಿಗೆ ಮೇಂಟೆನೆನ್ಸ್ ಟಿಕೆಟ್ ಹಾಕಿದ.