ಕಾಯಕ, ದಾಸೋಹ ಶಾಲೆಯ ದಿನಚರಿಗೆ ಬರುವುದು ಹೇಗೆ

ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ವಿದ್ಯಾರ್ಥಿ ಮುಂದೆ ಬಂದು ನುಡಿಮುತ್ತು ಓದುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಮೊದಲ ಪಿರಿಯಡ್ ಮುಗಿಯುವಷ್ಟರಲ್ಲಿ ಅದು ಯಾರಿಗೂ ನೆನಪಿರುವುದಿಲ್ಲ. ಮೌಲ್ಯಶಿಕ್ಷಣ ಬಹಳಷ್ಟು ಶಾಲೆಗಳಲ್ಲಿ ಇಷ್ಟಕ್ಕೇ ನಿಂತಿದೆ. ಮೌಲ್ಯ ಮಗುವಿನ ಮೈಗೂಡಬೇಕಾದರೆ ಆ ಮೌಲ್ಯವಿಲ್ಲದೆ ಮುಗಿಯದಂಥ ಒಂದು ಕೆಲಸವನ್ನು ದಿನವೂ ಮಗುವಿನ ಕೈಗೆ ಕೊಡಬೇಕು. ಕೆಲಸ ಮೊದಲು, ಮಾತು ಆಮೇಲೆ. ಈ ಮಾರ್ಗದರ್ಶಿ 6ರಿಂದ 9ನೇ ತರಗತಿಯವರೆಗಿನ ಶಿಕ್ಷಕರಿಗಾಗಿ. ಜೂನ್‌ನಲ್ಲಿ ಶುರುಮಾಡಿ ಒಂದು ವರ್ಷ ನಡೆಸುವಂಥದ್ದು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳ ಶಾಲೆಗಳು ಇದಕ್ಕೆ ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 12ನೇ ಶತಮಾನದ ವಚನಕಾರ ಶರಣರ ನೆಲೆಗಳಾದ ಬಸವನ ಬಾಗೇವಾಡಿ, ದೇವರ ಹಿಪ್ಪರಗಿ, ಕೂಡಲಸಂಗಮ ಇಲ್ಲಿಯವೇ. ವಚನದ ತಾಡೋಲೆಗಳನ್ನು ಊರೂರು ತಿರುಗಿ ಕೂಡಿಸಿ, ಅಚ್ಚು ಹಾಕಲು ಮನೆಯನ್ನೇ ಮಾರಿದ ಫ.ಗು. ಹಳಕಟ್ಟಿಯವರು (1880–1964) ಬಾಳಿದ್ದು ವಿಜಯಪುರದಲ್ಲಿ. ಸಾಮಗ್ರಿ ಹೇರಳವಾಗಿರುವುದೇ ಒಂದು ತೊಡಕೂ ಹೌದು: ಎಲ್ಲವನ್ನೂ ಒಮ್ಮೆಲೇ ಮಾಡಹೊರಟ ಶಾಲೆ ದಸರಾ ರಜೆಯೊಳಗೆ ಕೈಚೆಲ್ಲುತ್ತದೆ. ಮೊದಲ ವರ್ಷಕ್ಕೆ ಶರಣರು ಹೇಳಿದ ಕಾಯಕ (ನಿಷ್ಠೆಯ ದುಡಿಮೆ), ದಾಸೋಹ (ಹಂಚಿ ಉಣ್ಣುವುದು) ಎರಡೇ ಸಾಕು. ವಾರಕ್ಕೆ ಒಂದು ಪಿರಿಯಡ್, ದಿನಕ್ಕೆ 20 ನಿಮಿಷದ ಕೆಲಸ.

ಮೊದಲೇ ಇತ್ಯರ್ಥವಾಗಬೇಕಾದ ಮಾತು

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ; ಸಂವಿಧಾನದ 28ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಪೂಜೆ, ಮಂತ್ರ, ವಿಭೂತಿ ಇವು ಯಾವುವೂ ಈ ಯೋಜನೆಯಲ್ಲಿಲ್ಲ. ವಚನವನ್ನು ಕನ್ನಡದ ಸಾಹಿತ್ಯವಾಗಿ, ಬಾಳಿನ ವಿಚಾರವಾಗಿ ಓದಿಸಬಹುದು. ತರಗತಿಯಲ್ಲಿ ಮುಸ್ಲಿಂ, ಜೈನ, ಕ್ರೈಸ್ತ ಮಕ್ಕಳಿದ್ದರೆ ಅವರ ಮನೆಯ ಮಾತಿಗೂ ಅಷ್ಟೇ ಜಾಗ ಬೇಕು. ಬೆಳಗಾವಿ ಸೀಮೆಯ ಜೈನ ಮಕ್ಕಳು ‘ಪರಸ್ಪರೋಪಗ್ರಹೋ ಜೀವಾನಾಮ್’ ಎಂಬುದನ್ನು ಮನೆಯಲ್ಲಿ ಕೇಳಿರುತ್ತಾರೆ. ಜೀವಿಗಳು ಒಂದಕ್ಕೊಂದು ಆಸರೆ ಎಂಬ ಆ ಮಾತು ದಾಸೋಹದ ಪಾಠದಲ್ಲಿ ನೇರವಾಗಿ ಕೂಡುತ್ತದೆ. ವಿಜಯಪುರದ ಮಕ್ಕಳಿಗೆ ಸಂಗೀತಪ್ರೇಮಿ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನನ್ನು ಜನ ‘ಜಗದ್ಗುರು’ ಎಂದು ಕರೆದದ್ದನ್ನು ಹೇಳಿ.

ಇದೆಲ್ಲವನ್ನೂ ಜೂನ್‌ನ ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ. ‘ಓದಲಿಕ್ಕೆ ಕಳಿಸೀವ್ರಿ, ಕಸಾ ಹೊಡೀಲಿಕ್ಕಲ್ಲ’ ಎಂದು ಪಾಲಕರೊಬ್ಬರು ಅನ್ನದೆ ಇರುವುದಿಲ್ಲ. ಅವರ ಆತಂಕ ನ್ಯಾಯವಾದದ್ದೇ, ಏಕೆಂದರೆ ಶಾಲೆಗಳಲ್ಲಿ ಕೆಲವೇ ಮಕ್ಕಳ ಕೈಗೆ ಪೊರಕೆ ಕೊಟ್ಟ ಇತಿಹಾಸ ನಮ್ಮಲ್ಲಿದೆ. ಸಮಜಾಯಿಷಿ ಬೇಡ, ಕಾಯಕದ ಪಟ್ಟಿಯನ್ನೇ ಅವರ ಮುಂದಿಡಿ. ಅದರಲ್ಲಿ ಮುಖ್ಯ ಗುರುಗಳ ಹೆಸರು, ಅಕ್ಕೋರ (ಶಿಕ್ಷಕಿಯರ) ಹೆಸರು ಇದ್ದರೆ ಅರ್ಧ ಆಕ್ಷೇಪ ಅಲ್ಲಿಗೇ ತಣ್ಣಗಾಗುತ್ತದೆ.

ಕಾಯಕದ ಚೀಟಿ

ನಲವತ್ತು ಮಕ್ಕಳ ತರಗತಿಯನ್ನು ಐದೈದು ಜನರ ಎಂಟು ಗುಂಪು ಮಾಡಿ. ಎಂಟು ಕೆಲಸ ಬರೆಯಿರಿ: ಕುಡಿಯುವ ನೀರಿನ ಟಾಕಿ ಮತ್ತು ಲೋಟ, ಗಿಡಗಳಿಗೆ ನೀರು, ಗ್ರಂಥಾಲಯದ ಪುಸ್ತಕದ ಲೆಕ್ಕ, ಊಟದ ಸಾಲು, ತರಗತಿಯ ಕಸ, ವಿಜ್ಞಾನದ ಸಾಮಾನು, ಕರಿಹಲಗೆ ಮತ್ತು ಸೂಚನಾ ಫಲಕ, ಚಿಕ್ಕ ತರಗತಿಯ ಮಕ್ಕಳಿಗೆ ಓದಿ ಹೇಳುವುದು. ಪ್ರತಿ ಸೋಮವಾರ ಎಲ್ಲರ ಎದುರಿಗೆ ಚೀಟಿ ಎತ್ತಿಸಿ. ಬಂದ ಕೆಲಸ ಆ ವಾರವಿಡೀ ಆ ಗುಂಪಿನದು. ಶಿಕ್ಷಕರೂ ಒಂದೊಂದು ಗುಂಪಿಗೆ ಸೇರಿ ಕೈಹಚ್ಚಬೇಕು. ನಿಂತು ನೋಡುವುದು ಲೆಕ್ಕಕ್ಕಿಲ್ಲ. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ಮಗುವಿಗೂ, ಯಾವ ಹೆಸರಿನಲ್ಲೂ ಕೊಡಬೇಡಿ. ಅದಕ್ಕೆ ಶಾಲೆ ಬೇರೆ ವ್ಯವಸ್ಥೆ ಮಾಡಬೇಕು.

ಚೀಟಿ ಏಕೆಂದರೆ, ಶಿಕ್ಷಕರು ‘ಯಾರು ಮಾಡ್ತೀರಿ’ ಎಂದು ಕೇಳಿದ ಕೂಡಲೇ ರಂಗೋಲಿ, ಕಸ ಹುಡುಗಿಯರ ಪಾಲಾಗುತ್ತವೆ, ಗಂಟೆ ಮತ್ತು ಮೈಕು ಹುಡುಗರ ಪಾಲಾಗುತ್ತವೆ. ಇನ್ನೂ ನೋವಿನ ಸಂಗತಿಯೆಂದರೆ ಕೆಲವು ಕೆಲಸಗಳು ಕೆಲವು ಓಣಿಯ ಮಕ್ಕಳ ಕಡೆಗೇ ಜಾರುತ್ತವೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಸಮಗಾರ ಹರಳಯ್ಯ ಇಂಥ ಬೇರೆ ಬೇರೆ ಕಸುಬಿನ ಶರಣರೆಲ್ಲ ಒಂದೇ ಸಾಲಿನಲ್ಲಿ ಕುಳಿತ ಕಾಲದ ಮಾತನ್ನು ಕಲಿಸುತ್ತ ಅದರ ತದ್ವಿರುದ್ಧವನ್ನು ಅಂಗಳದಲ್ಲಿ ಮಾಡಿಸಿದಂತಾಗುತ್ತದೆ. ಮೂರು ತಿಂಗಳಿಗೊಮ್ಮೆ ಪಟ್ಟಿ ತೆಗೆದು, ಪ್ರತಿ ಮಗುವಿಗೂ ಎಲ್ಲ ಬಗೆಯ ಕೆಲಸ ಬರುತ್ತಿದೆಯೇ ನೋಡಿ. ಬಂದಿಲ್ಲವಾದರೆ ಈಗಾಗಲೇ ಮಾಡಿದ ಕೆಲಸದ ಚೀಟಿಯನ್ನು ಆ ಗುಂಪಿನ ಪಾಲಿನಿಂದ ತೆಗೆದಿಡಿ.

ತಡವಾಗಿ ಬಂದವನಿಗೆ, ಹೋಮ್‌ವರ್ಕ್ ಮಾಡದವಳಿಗೆ ‘ಇವತ್ತ ನೀನ ಕಸಾ ಹೊಡಿ’ ಎಂದು ಒಮ್ಮೆ ಅಂದರೂ ವರ್ಷದ ಶ್ರಮ ಹಾಳು. ಶಿಕ್ಷೆಯಾದ ಕೆಲಸ ಮತ್ತೆ ಕಾಯಕವಾಗುವುದಿಲ್ಲ. ಮಕ್ಕಳನ್ನು ಹೊಡೆಯುವುದನ್ನು, ಮನಸ್ಸು ನೋಯಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಎಲ್ಲರೆದುರು ಪೊರಕೆ ಕೊಡಿಸಿ ನಾಚಿಸುವುದೂ ಮನಸ್ಸು ನೋಯಿಸುವುದೇ.

ದಾಸೋಹ: ಎಸೆದ ಅನ್ನವನ್ನು ತೂಗುವುದು

ಬಿಸಿಯೂಟಕ್ಕೆ ನಮ್ಮ ರಾಜ್ಯ ಇಟ್ಟ ಹೆಸರೇ ಅಕ್ಷರ ದಾಸೋಹ. ಹೆಸರಿಗೆ ತಕ್ಕ ಪಾಠ ಅಲ್ಲೇ ಇದೆ, ಖರ್ಚೂ ಅಷ್ಟಿಲ್ಲ. ಬೇಕಾದದ್ದು ಎರಡು ಬಕೆಟ್, ಒಂದು ಜಾಲರಿ ತಟ್ಟೆ, ನೇತುಹಾಕಿ ತೂಗುವ ಒಂದು ತಕ್ಕಡಿ, ಒಂದು ನೋಟ್‌ಬುಕ್.

ಖಾಲಿ ಬಕೆಟ್ ತೂಗಿ ಬರೆದುಕೊಳ್ಳಿ. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಮಕ್ಕಳು ಮೊದಲು ಜಾಲರಿಗೆ ಹಾಕಲಿ, ಸಾರು ಇಳಿದ ಮೇಲೆ ಅನ್ನ ಬಕೆಟ್‌ಗೆ ಹೋಗಲಿ. ಸಾರಿನ ಸಮೇತ ತೂಗಿದರೆ ಅಂಕಿ ಸುಳ್ಳು ಹೇಳುತ್ತದೆ. ಬಂದ ತೂಕದಲ್ಲಿ ಬಕೆಟ್‌ನ ತೂಕ ಕಳೆಯಿರಿ. ಒಂದು ಕೆಜಿ ಅಕ್ಕಿ ಬೆಂದಾಗ ಹೆಚ್ಚುಕಡಿಮೆ ಮೂರು ಕೆಜಿ ಅನ್ನವಾಗುತ್ತದೆ, ಆದ್ದರಿಂದ ಮೂರರಿಂದ ಭಾಗಿಸಿದರೆ ಪೋಲಾದ ಅಕ್ಕಿ ಎಷ್ಟೆಂದು ಸಿಗುತ್ತದೆ. ಬಿಸಿಯೂಟದ ನಿಯಮದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ರ ಮಗುವಿಗೆ 150 ಗ್ರಾಂ ಧಾನ್ಯ. 6 ಕೆಜಿ ಅನ್ನ ಬಕೆಟ್‌ಗೆ ಬಿದ್ದರೆ 2 ಕೆಜಿ ಅಕ್ಕಿ ಹೋಯಿತು. ಅಂದರೆ 20 ಚಿಕ್ಕ ಮಕ್ಕಳ ಊಟ, ದೊಡ್ಡವರದಾದರೆ 13 ಜನರದು. ಈ ಭಾಗಾಕಾರವನ್ನು ಶಿಕ್ಷಕರು ಮಾಡಬಾರದು, ಆ ವಾರ ‘ಊಟದ ಸಾಲು’ ಬಂದ ಗುಂಪು ಕರಿಹಲಗೆಯ ಮೇಲೆ ಮಾಡಲಿ. ‘ಅನ್ನ ಚೆಲ್ಲಬಾರದು’ ಎಂಬ ಮಾತಿಗಿಂತ ಆ ಹಲಗೆಯ ಮೇಲಿನ 20 ಎಂಬ ಅಂಕಿ ಮಕ್ಕಳನ್ನು ಹೆಚ್ಚು ತಟ್ಟುತ್ತದೆ.

ತೂಕವನ್ನು ಇಡೀ ಶಾಲೆಯದಾಗಿ ಬರೆಯಿರಿ, ಹೆಚ್ಚೆಂದರೆ ತರಗತಿವಾರು. ಮಗುವಿನ ಹೆಸರು ಬಂದರೆ ನಾಳೆಯಿಂದ ಅನ್ನ ಕಿಟಕಿಯಾಚೆ ಬೀಳುತ್ತದೆ, ಇಲ್ಲವೇ ಹೊಟ್ಟೆ ತುಂಬಿದ ಮಗು ಹೆದರಿ ನುಂಗುತ್ತದೆ. ಅಡುಗೆಯವರಿಗೂ ಮೊದಲೇ ತಿಳಿಸಿ, ತಕ್ಕಡಿ ಅವರ ಮೇಲಿನ ದೂರಲ್ಲ ಎಂದು.

ಎರಡು ವಾರದ ಅಂಕಿ ಕೂಡಿದ ಮೇಲೆ ಕಾರಣ ಹುಡುಕುವ ಪಿರಿಯಡ್. ಸಾಮಾನ್ಯವಾಗಿ ಸಿಗುವ ಕಾರಣಗಳು ಇವು: 1ನೇ ತರಗತಿಗೂ 7ನೇ ತರಗತಿಗೂ ಒಂದೇ ಸೌಟು, ಒಂದೇ ಅಳತೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅನ್ನ ಆರಿರುತ್ತದೆ, ಊಟದ ಗಂಟೆಗೆ ಸ್ವಲ್ಪ ಮುಂಚೆ ಮಕ್ಕಳು ಅಂಗಡಿಯ ಕುರಕಲು ತಿಂದಿರುತ್ತಾರೆ. ಮಕ್ಕಳ ಸ್ವಭಾವ ಕೆಟ್ಟು ಅನ್ನ ಪೋಲಾಗುವುದು ಅಪರೂಪ. ಮೊದಲ ಸರದಿಗೆ ಅರ್ಧ ಸೌಟು, ಬೇಕೆಂದವರಿಗೆ ಕೇಳಿ ಮತ್ತೆ ಬಡಿಸುವ ಪದ್ಧತಿಯನ್ನು ಒಂದು ವಾರ ನಡೆಸಿ, ಮತ್ತೆ ತೂಗಿ.

ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗಕ್ಕೆ ಇದೇ ತಕ್ಕ ಜಾಗ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಸೆ ಅರಸರಿಗಿರಲಿ, ನಮಗೇಕೆ ಎಂದು ಹೆಚ್ಚಿನದನ್ನು ತಿರುಗಿ ಸುರಿದು ಬರಲು ಕಳಿಸಿದವಳು ಆಕೆ. ತಕ್ಕಡಿ ಹಿಡಿದ ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳಬೇಕಾಗುವುದಿಲ್ಲ. ಆದರೆ ಒಂದು ಎಚ್ಚರ. ಮನೆಯಲ್ಲಿ ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು ಈ ಕಥೆ ಕೇಳಿ ಎರಡನೇ ಸಲ ಅನ್ನ ಕೇಳಲು ನಾಚಿಕೊಳ್ಳಬಹುದು. ಹಸಿದವರು ಕೇಳುವುದು ಆಸೆಯಲ್ಲ, ಬಡಿಸುವುದು ಶಾಲೆಯ ಧರ್ಮ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಆ ಮಾತು ಬಿಟ್ಟು ಕಥೆಯನ್ನಷ್ಟೇ ಹೇಳುವುದಾದರೆ ಕಥೆಯೇ ಬೇಡ.

ಕೂಡುವ ಸಾಲನ್ನೂ ವಾರಕ್ಕೊಮ್ಮೆ ಬದಲಿಸಿ, ಶಿಕ್ಷಕರು ಅದೇ ಸಾಲಿನಲ್ಲಿ ಕುಳಿತು ಅದೇ ಅನ್ನ ಉಣ್ಣಲಿ. ಪಂಕ್ತಿಭೇದದ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ವಾರದ ಒಂದು ಪಿರಿಯಡ್

ತಿಂಗಳಿಗೆ ಒಂದೇ ವಚನ, ವರ್ಷಕ್ಕೆ ಎಂಟು. ಬಾಯಿಪಾಠದ ಸ್ಪರ್ಧೆ ಬೇಡ. ಸ್ಪರ್ಧೆ ಬಂದ ಕೂಡಲೇ ಚೆನ್ನಾಗಿ ಬಾಯಿಪಾಠ ಮಾಡುವ ನಾಲ್ಕು ಮಕ್ಕಳು ಮುಂದೆ, ಉಳಿದವರು ಪ್ರೇಕ್ಷಕರು.

‘ಕಳಬೇಡ ಕೊಲಬೇಡ’ ವಚನದಿಂದ ಶುರುಮಾಡಬಹುದು. ಅದು ಎಲ್ಲರಿಗೂ ಬರುತ್ತದೆ, ಬರುವುದರಿಂದಲೇ ಯಾರೂ ಅದನ್ನು ಯೋಚಿಸಿರುವುದಿಲ್ಲ. ಅದರಲ್ಲಿ ಏಳು ‘ಬೇಡ’ಗಳಿವೆ. 40 ನಿಮಿಷದ ಪಿರಿಯಡ್‌ನಲ್ಲಿ ಮೊದಲ ಐದು ನಿಮಿಷ ಶಿಕ್ಷಕರು ನಿಧಾನವಾಗಿ ಎರಡು ಸಲ ಓದಲಿ. ಮುಂದಿನ ಹತ್ತು ನಿಮಿಷ ಪದಗಳಿಗೆ. ‘ಹುಸಿ’, ‘ಮುನಿ’, ‘ಇದಿರ ಹಳಿಯಲು’ ಇವನ್ನು ಮಕ್ಕಳು ತಮ್ಮ ಆಡುಮಾತಿನಲ್ಲಿ ಹೇಳಲಿ. ಆಮೇಲೆ ಚರ್ಚೆಗೆ ಒಂದೇ ಪ್ರಶ್ನೆ ಕೊಡಿ: ಗೆಳೆಯ ನಕಲು ಮಾಡಿದ್ದನ್ನು ಸರ್‌ಗೆ ಹೇಳುವುದು ‘ಇದಿರ ಹಳಿಯುವುದು’ ಆಗುತ್ತದೆಯೇ? ಉತ್ತರ ಸುಲಭವಲ್ಲ, ಇಂಥ ಪ್ರಶ್ನೆಯೇ ಬೇಕು. ಕೊನೆಯ ಹತ್ತು ನಿಮಿಷ ಮಕ್ಕಳು ತಮ್ಮ ನೋಟ್‌ಬುಕ್‌ನಲ್ಲಿ ಬರೆಯಲಿ, ಏಳರಲ್ಲಿ ಈ ವಾರ ತಮಗೆ ಯಾವುದು ಕಷ್ಟವಾಯಿತೆಂದು. ಆ ನೋಟ್‌ಬುಕ್ ತಿದ್ದಬೇಡಿ, ಗಟ್ಟಿಯಾಗಿ ಓದಿಸಬೇಡಿ. ತಿದ್ದುತ್ತಾರೆಂದು ತಿಳಿದ ದಿನದಿಂದ ಮಕ್ಕಳು ಶಿಕ್ಷಕರು ಮೆಚ್ಚುವುದನ್ನೇ ಬರೆಯುತ್ತಾರೆ.

ಚರ್ಚೆಗೆ ಶರಣರು ಕೂಡಿ ವಿಚಾರ ಮಾಡುತ್ತಿದ್ದ ಅನುಭವ ಮಂಟಪದ ಮಾದರಿ ಇಡಿ. ಮಕ್ಕಳನ್ನು 12–15 ಜನರ ವೃತ್ತಗಳಲ್ಲಿ ಕೂಡಿಸಿ, ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಡಿ. ಮಾತಾಡುವ ಮುಂಚೆ ಒಂದು ಬೀಜ ನಡುವೆ ಇಡಬೇಕು. ಬೀಜ ಮುಗಿದವರು ಕೇಳಬೇಕು. ಬಾಯಾಳಿ ಮಕ್ಕಳು ಆರಂಭದಲ್ಲೇ ಬೀಜ ಖರ್ಚುಮಾಡಿ ಸುಮ್ಮನಾಗುತ್ತಾರೆ, ಹಿಂದಿನ ಬೆಂಚಿನವರಿಗೆ ಮಾತಿನ ಸರದಿ ಸಿಗುತ್ತದೆ. ಬಾಯಿ ಬಿಡದ ಮಗುವನ್ನು ಒತ್ತಾಯಿಸಬೇಡಿ. ಮೂರೂ ಬೀಜ ಕೈಯಲ್ಲೇ ಉಳಿದರೆ ಉಳಿಯಲಿ.

‘ಕಾಯಕವೇ ಕೈಲಾಸ’ ಬಸವಣ್ಣನವರ ಮಾತೆಂದು ಗೋಡೆಯ ಮೇಲೆ ಬರೆಸಿರುತ್ತೇವೆ. ಆ ನುಡಿ ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದಾಗ ಗುರುದರ್ಶನವನ್ನೂ ಮರೆಯಬೇಕು ಎನ್ನುವಷ್ಟು ದೂರ ಹೋಗುತ್ತದೆ ಆ ವಚನ. ಗೋಡೆಬರಹ ತಿದ್ದಿಸಿ. ಸರಿಯಾದ ಹೆಸರು ಹೇಳುವುದೂ ಮೌಲ್ಯಶಿಕ್ಷಣವೇ.

ಹಬ್ಬದಲ್ಲಿರುವ ವಿಜ್ಞಾನ

ಶಾಲೆ ತೆರೆದ ಕೆಲ ದಿನಕ್ಕೇ ಕಾರಹುಣ್ಣಿಮೆ, ಅದರ ಬೆನ್ನಿಗೆ ಮಣ್ಣೆತ್ತಿನ ಅಮಾವಾಸ್ಯೆ. ದುಡಿಯುವ ಜೀವಕ್ಕೆ ಕೃತಜ್ಞತೆ ಹೇಳುವ ಈ ಹಬ್ಬದಲ್ಲಿ ಮಣ್ಣಿನ ಎತ್ತು ಮಾಡುವುದನ್ನು ವಿಜ್ಞಾನದ ಪಿರಿಯಡ್‌ಗೆ ತನ್ನಿ. ಬರೀ ಎರೆಮಣ್ಣಿನಲ್ಲಿ ಮಾಡಿದ ಎತ್ತು ಒಣಗಿದಾಗ ಬಿರಿಯುತ್ತದೆ, ಏಕೆಂದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದರಿಂದಲೇ. ಮೂರು ಪಾಲು ಎರೆಮಣ್ಣಿಗೆ ಒಂದು ಪಾಲು ಸೋಸಿದ ಮರಳು ಸೇರಿಸಿ, ರಾತ್ರಿಯಿಡೀ ನೆನೆಸಿ, ಚೆನ್ನಾಗಿ ನಾದಿ. ಕಾಲು, ಕೋಡು ಕೂಡಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ತೆಳುವಾದ ಕೆಸರು ಸವರಿ ಅಂಟಿಸಿ. ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲಿ, ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಸೀಳುತ್ತದೆ. ಜೊತೆಗೆ ಮರಳು ಹಾಕಿದ್ದೊಂದು, ಹಾಕದ್ದೊಂದು, 10 ಸೆಂ.ಮೀ. ಉದ್ದದ ಎರಡು ಪಟ್ಟಿ ಮಾಡಿಸಿ, ಒಣಗಿದ ಮೇಲೆ ಅಳೆಸಿ. ಮನೆಯಲ್ಲಿ ಎತ್ತಿಲ್ಲ, ಟ್ರ್ಯಾಕ್ಟರ್ ಇದೆ ಎನ್ನುವ ಮಕ್ಕಳಿಗೆ ಕೇಳಿ: ಈಗ ನಮ್ಮ ರೊಟ್ಟಿಯ ಹಿಂದೆ ಯಾರ ದುಡಿಮೆ ಇದೆ?

ಮಗ್ಗದ ಮನೆಗೆ

ಬ್ಯಾಗ್ ಇಲ್ಲದ ಶನಿವಾರವನ್ನು ಇದಕ್ಕೆ ಬಳಸಿ. ಬಾಗಲಕೋಟೆ ಕಡೆಯವರಿಗೆ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಇವೆ, ಬೆಳಗಾವಿಯವರಿಗೆ ವಡಗಾವಿ. ಮಗ್ಗದ ಕೋಣೆ ಚಿಕ್ಕದು, ಒಮ್ಮೆಗೆ 12 ಮಕ್ಕಳಿಗಿಂತ ಹೆಚ್ಚು ಬೇಡ. ಅರವತ್ತು ಮಕ್ಕಳನ್ನು ಒಯ್ದರೆ ಫೋಟೋ ಸಿಗುತ್ತದೆ, ಪಾಠ ಸಿಗುವುದಿಲ್ಲ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸಿ: ಹಾಸು (ಉದ್ದದ ಎಳೆ) ಯಾವ ನೂಲು, ಹೊಕ್ಕು (ಅಡ್ಡ ಎಳೆ) ಯಾವುದು, ಒಂದು ಸೀರೆಗೆ ಎಷ್ಟು ದಿನ, ಮನೆಯವರಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಕೂಲಿ ಎಷ್ಟು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವುದನ್ನು ಮಕ್ಕಳು ಹತ್ತಿರ ನಿಂತು ನೋಡಲಿ. ನೇಕಾರರ ಒಂದೆರಡು ತಾಸು ಕೆಲಸ ನಿಂತಿರುತ್ತದೆ. ಅದರ ಕೂಲಿಯನ್ನು ಶಾಲೆ ಕೊಡಬೇಕು, ಕೊಡುವಾಗ ಮಕ್ಕಳು ಎದುರಿಗಿರಬೇಕು. ಮರಳಿದ ಮೇಲೆ ತಾಸಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿಸಿ. ನೇಕಾರ ವಚನಕಾರ ಜೇಡರ ದಾಸಿಮಯ್ಯನ ವಚನ ಓದಿಸುವುದು ಆ ಲೆಕ್ಕ ಮುಗಿದ ಮೇಲೆ.

ಅಂಕ ಬೇಡ, ದಾಖಲೆ ಇರಲಿ

ಪ್ರಾಮಾಣಿಕತೆಗೆ ಹತ್ತಕ್ಕೆ ಎಂಟು ಎಂದು ಅಂಕ ಕೊಟ್ಟರೆ ಮಕ್ಕಳು ಪ್ರಾಮಾಣಿಕತೆಯ ನಟನೆ ಕಲಿಯುತ್ತಾರೆ. ಶಿಕ್ಷಕರು ತಿಂಗಳಿಗೊಮ್ಮೆ ತಮ್ಮ ವಹಿಯಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಲಿ: ಬಕೆಟ್‌ನ ತೂಕ ಇಳಿಯಿತೇ, ಹೇಳದೆ ಎಷ್ಟು ಗುಂಪು ಕೆಲಸ ಮುಗಿಸಿದವು, ವೃತ್ತದಲ್ಲಿ ಎಷ್ಟು ಮಕ್ಕಳು ಒಂದಾದರೂ ಬೀಜ ಇಟ್ಟರು. ಆಗಸ್ಟ್‌ನಲ್ಲಿ ಉತ್ಸಾಹ ಕುಂದುತ್ತದೆ, ಕ್ರೀಡಾಕೂಟದ ದಿನಗಳಲ್ಲಿ ಚೀಟಿ ಎತ್ತುವುದು ತಪ್ಪುತ್ತದೆ. ತಪ್ಪಿದ ಸೋಮವಾರದ ಚೀಟಿಯನ್ನು ಮಂಗಳವಾರ ಎತ್ತಿಸಿ. ಎರಡು ವಾರ ಬಿಟ್ಟರೆ ಮತ್ತೆ ಮೊದಲಿನಿಂದ ಹಚ್ಚಬೇಕಾಗುತ್ತದೆ. ಶಿಕ್ಷಕರಿಗೆ ವರ್ಗವಾದರೆ ವಹಿ, ತಕ್ಕಡಿ, ಚೀಟಿಯ ಡಬ್ಬಿ ಮೂರನ್ನೂ ಪ್ರಭಾರದ ಪಟ್ಟಿಯಲ್ಲಿ ಸೇರಿಸಿ ಮುಂದಿನವರಿಗೆ ಒಪ್ಪಿಸಿ.