ಸ್ಟೇಟಸ್ ಹಾಕಿದ ಹುಡುಗನ ಕೇಸು, ನಾನು ಹೇಗೆ ನಡೆಸಿದೆ

2025ರ ಜುಲೈ ಕೊನೆ, ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ ಬಿಟ್ಟೂ ಬಿಡದೆ ಹೊಯ್ತಾ ಇತ್ತು, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ರಾತ್ರಿ ಹತ್ತೂವರೆಗೆ ಒಬ್ಳು ಹುಡುಗಿ ಫೋನ್ ಮಾಡಿದ್ಲು. "ಸಾರ್, ಅಣ್ಣನ್ನ ಸಾಯಂಕಾಲ ಸ್ಟೇಷನ್ನಿಗೆ ಕರ್ಕೊಂಡು ಹೋಗಿದಾರೆ, ವಾಟ್ಸಾಪಲ್ಲಿ ಏನೋ ಸ್ಟೇಟಸ್ ಹಾಕಿದ್ದ ಅಂತೆ, ಇನ್ನೂ ಬಿಟ್ಟಿಲ್ಲ." ಹುಡುಗನಿಗೆ 24 ವರ್ಷ, ತೋಟದ ಪಿಕಪ್ ಓಡಿಸ್ತಾನೆ, ಅಪ್ಪ ಇಲ್ಲ, ಅಮ್ಮ ತಂಗಿ ಜೊತೆ ಲೈನ್ ಮನೇಲಿ (ತೋಟದ ಕೆಲಸದವರ ಸಾಲು ಮನೆ) ಇರೋದು.

ನಾನು ಮಡಿಕೇರಿಯಲ್ಲಿ ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಪ್ರಾಕ್ಟೀಸ್ ಮಾಡ್ತಿದ್ದೀನಿ. ಈ ತರದ ಕಾಲ್ ಬಂದ್ರೆ ಮೊದಲು ಏನು ಬರ್ದಿದ್ದ ಅಂತ ಕೇಳಲ್ಲ, ಎಷ್ಟು ಗಂಟೆಗೆ ಹಾಕಿದ್ದ ಅಂತ ಕೇಳ್ತೀನಿ. ಬೆಳಿಗ್ಗೆ ಒಂಬತ್ತಕ್ಕೆ ಅಂದ್ಲು. ಅಂದ್ರೆ ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ಸ್ಟೇಟಸ್ ತಾನಾಗೇ ಮಾಯ ಆಗುತ್ತೆ. ಕಂಪ್ಲೇಂಟ್ ಕೊಟ್ಟವನ ಹತ್ರ ಸ್ಕ್ರೀನ್‌ಶಾಟ್ ಇರುತ್ತೆ, ನಮ್ಮ ಹತ್ರ ಏನೂ ಇರಲ್ಲ, ಹುಡುಗನ ಫೋನ್ ಪೊಲೀಸರ ಕೈಲಿ. "ನಿನ್ನ ಫೋನಲ್ಲಿ ಕಾಣುತ್ತಾ ನೋಡಮ್ಮ" ಅಂದೆ. ಕಾಣ್ತಾ ಇತ್ತು, ಆದ್ರೆ ಚಾರ್ಜ್ ಒಂಬತ್ತು ಪರ್ಸೆಂಟ್. ಅಣ್ಣನ ಪಿಕಪ್ ಕೀ ಮನೇಲೇ ಇತ್ತು, ಆ ಮಳೇಲಿ ಛತ್ರಿ ಹಿಡ್ಕೊಂಡು ಹೋಗಿ ಗಾಡಿಯಲ್ಲಿ ಚಾರ್ಜಿಗೆ ಹಾಕಿ, ಒಂದಾದ ಮೇಲೆ ಒಂದು ಸ್ಟೇಟಸ್, ಮೇಲೆ ಟೈಮ್ ಕಾಣೋ ಹಾಗೆ ಸ್ಕ್ರೀನ್ ರೆಕಾರ್ಡ್ ಮಾಡು ಅಂತ ಹೇಳಿಕೊಟ್ಟೆ, ಮಾಡಿದ್ಲು. ಇಡೀ ಕೇಸ್ ನಿಂತಿದ್ದು ಆ ನಲವತ್ತು ಸೆಕೆಂಡಿನ ವಿಡಿಯೋ ಮೇಲೆ.

ಯಾಕೆ ಅಂದ್ರೆ ಸ್ಟೇಟಸ್ ಇದ್ದಿದ್ದು ಒಂದಲ್ಲ, ಮೂರು. ಮೊದಲನೇದು ಮನೆ ಮೇಲಿನ ಹರಿದ ಟಾರ್ಪಾಲಿನ ಫೋಟೋ. ಎರಡನೇದು, "ಟಾರ್ಪಾಲ್ ಎಲ್ಲಾ ಮೇಲಿನ ಊರಿನವರಿಗೇ, ಲೈನಿನವರು ಮನುಷ್ಯರಲ್ವಾ, ಇನ್ನು ಸುಮ್ನೆ ಕೂರಲ್ಲ." ಮೂರನೇದು, "ಸೋಮವಾರ ಎಲ್ಲರೂ ಪಂಚಾಯ್ತಿ ಆಫೀಸಿಗೆ ಬನ್ನಿ, ಅರ್ಜಿ ಕೊಡೋಣ." ಯಾರೋ ನಡುವಿನದನ್ನ ಮಾತ್ರ ಸ್ಕ್ರೀನ್‌ಶಾಟ್ ತೆಗ್ದು ಕಂಪ್ಲೇಂಟ್ ಕೊಟ್ಟಿದ್ರು. ಬರೀ ಅದನ್ನ ಓದಿದ್ರೆ ಬೆದರಿಕೆ, ಮೂರನೇದನ್ನೂ ಸೇರಿಸಿ ಓದಿದ್ರೆ ಅರ್ಜಿ ಕೊಡೋಕೆ ಕರೆದಿದ್ದು, ಅಷ್ಟೇ.

ರಾತ್ರಿಯೇ ಸ್ಟೇಷನ್ನಿಗೆ ಹೋದೆ. (ಯಾವ ಸ್ಟೇಷನ್ ಅಂತ ಬರೆಯಲ್ಲ, ಮಾನವ ಹಕ್ಕು ಆಯೋಗದ ಮುಂದೆ ವಿಷಯ ಇನ್ನೂ ಇದೆ.) ನಾನು ಸ್ಟೇಷನ್ನಲ್ಲಿ ದನಿ ಎತ್ತಲ್ಲ, ಅದ್ರಿಂದ ಒಳಗಿರೋ ಹುಡುಗನಿಗೇ ತೊಂದರೆ. ಮೂರು ಪ್ರಶ್ನೆ ಕೇಳಿದೆ, ಎಫ್‌ಐಆರ್ ಆಗಿದ್ಯಾ, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 35(3)ರ ನೋಟಿಸ್, ಅಂದ್ರೆ ಬಂಧಿಸದೆ ಹಾಜರಾಗು ಅಂತ ಕೊಡೋ ನೋಟಿಸ್, ಕೊಟ್ಟಿದೀರಾ, ಫೋನಿಗೆ ಮಹಜರ್ ಆಗಿದ್ಯಾ. ಮೂರಕ್ಕೂ ಇಲ್ಲ. "ವಕೀಲ್ರೇ, ಬರೀ ವಿಚಾರಣೆ, ಬೆಳಿಗ್ಗೆ ಕಳಿಸ್ತೀವಿ. ಇದು ಕೊಡಗು, 2015 ನಿಮಗೆ ಗೊತ್ತಲ್ವಾ" ಅಂದ್ರು.

ಗೊತ್ತು. 2015ರ ನವೆಂಬರ್ 10, ಟಿಪ್ಪು ಜಯಂತಿ ದಿನ ಇದೇ ಮಡಿಕೇರಿ ಬೀದಿಯಲ್ಲಿ ಕಲ್ಲು ಬಿದ್ದಿದ್ದು, ಜೀವ ಹೋಗಿದ್ದು ಎಲ್ಲ ನೋಡಿದವನು ನಾನು. ಅದಾದ ಮೇಲೆ ನವೆಂಬರ್ ಬಂದ್ರೆ ಎದೆ ಹೊಡ್ಕೊಳ್ತಿತ್ತು, ಒಂದು ಮೆಸೇಜ್ ಸಾಕು ಅನ್ನೋ ಭಯ. 2018ರ ಆಗಸ್ಟಲ್ಲಿ ಮಕ್ಕಂದೂರು ಜೋಡುಪಾಲ ಕಡೆ ಗುಡ್ಡ ಕುಸಿದಾಗ ಫಾರ್ವರ್ಡ್ ನಂಬಿ ನಮ್ಮ ಬೀದಿಯವರೇ ರಾತ್ರೋರಾತ್ರಿ ಮನೆ ಬಿಟ್ಟು ಓಡಿದ್ರು. ಮಾತಿಗೆ ಕಾನೂನು ಬೇಡವೇ ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಎರಡು ಸಮುದಾಯದ ಮಧ್ಯೆ ಬೆಂಕಿ ಹಚ್ಚೋನ ಮೇಲೆ ಕೇಸ್ ಆಗಲೇಬೇಕು. ಸಂವಿಧಾನದ 19(1)(ಎ) ಮಾತಾಡೋ ಹಕ್ಕು ಕೊಟ್ಟು 19(2) ಅದಕ್ಕೆ ಮಿತಿಯನ್ನೂ ಹಾಕಿದೆ. ಆದ್ರೆ ಸೋರೋ ಮನೆಗೆ ಟಾರ್ಪಾಲ್ ಕೇಳಿದವನಿಗೂ ಬೆಂಕಿ ಹಚ್ಚಿದವನಿಗೂ ವ್ಯತ್ಯಾಸ ನೋಡದೆ ರಾತ್ರಿಯೆಲ್ಲಾ ಬೆಂಚ್ ಮೇಲೆ ಕೂರಿಸಿದ್ರೆ ಅದನ್ನ ಒಪ್ಪೋಕೆ ನನ್ನಿಂದ ಆಗಲ್ಲ.

ಪೊಲೀಸರು ಹಾಕೋಣ ಅಂತಿದ್ದ ಸೆಕ್ಷನ್ ಭಾರತೀಯ ನ್ಯಾಯ ಸಂಹಿತೆಯ 196 ಮತ್ತೆ 353(2), ಹಳೇ ಐಪಿಸಿ 153ಎ ಮತ್ತೆ 505(2) ಅಂದ್ರೆ ಜನಕ್ಕೆ ಬೇಗ ಗೊತ್ತಾಗುತ್ತೆ. 196ರಲ್ಲಿ ಧರ್ಮ, ಜಾತಿ, ಭಾಷೆ ಜೊತೆಗೆ ವಾಸಸ್ಥಳ ಅಂತಾನೂ ಒಂದು ಪದ ಇದೆ. "ಮೇಲಿನ ಊರಿನವರು, ಲೈನಿನವರು ಅಂದಿದ್ದಾನಲ್ಲ, ವಾಸಸ್ಥಳದ ಮೇಲೆ ದ್ವೇಷ ಆಯ್ತು" ಅನ್ನೋದು ಅವರ ವಾದ. ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ಆಕ್ಟಿನಲ್ಲಿ ಪದ ಇರೋದು ನಿಜ, ಹಾಗಾಗಿ ನಾನು ಅದನ್ನ ಹಗುರವಾಗಿ ತಗೊಳ್ಳಲಿಲ್ಲ.

ಇಲ್ಲಿ ಹಳೇದೊಂದು ಹೇಳಬೇಕು. 2017ರಲ್ಲಿ ಒಬ್ಬ ಹುಡುಗನ ಮೇಲೆ ಐಟಿ ಆಕ್ಟ್ 66ಎ ಹಾಕಿದ್ರು, ಆ ಸೆಕ್ಷನ್ನನ್ನ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಕೇಸಲ್ಲಿ 2015ರ ಮಾರ್ಚ್ 24ಕ್ಕೇ ಹೊಡೆದುಹಾಕಿತ್ತು, ಸತ್ತ ಸೆಕ್ಷನ್! ಜೊತೆಗೆ 153ಎ, ಅದಕ್ಕೆ ಸರ್ಕಾರದ ಸ್ಯಾಂಕ್ಷನ್ (ಮುಂಚಿತ ಒಪ್ಪಿಗೆ) ಬೇಕು, ತಗೊಂಡಿರಲಿಲ್ಲ. ಎಲ್ಲಾ ನಮ್ಮ ಪರವೇ ಇದ್ರೂ ಹೈಕೋರ್ಟಲ್ಲಿ ಕೇಸ್ ರದ್ದಾಗೋಕೆ ಮೂರು ವರ್ಷ ಹಿಡೀತು, ಅಷ್ಟರಲ್ಲಿ ಅವನ ಪಾಸ್‌ಪೋರ್ಟ್ ನಿಂತು ಗಲ್ಫ್ ಕೆಲಸ ಹೋಯ್ತು. ಗೆದ್ವಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆವತ್ತೇ ಅಂದ್ಕೊಂಡಿದ್ದೆ, ಇನ್ಮೇಲೆ ಎಫ್‌ಐಆರ್ ಆಗೋಕೆ ಮುಂಚೆನೇ ಬಾಗಿಲಲ್ಲಿ ನಿಲ್ಲಬೇಕು ಅಂತ.

ಈಗ ಅದಕ್ಕೆ ಕಾನೂನಲ್ಲೇ ಜಾಗ ಇದೆ. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನ 173(3), ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧ ಆದ್ರೆ ಡಿವೈಎಸ್‌ಪಿ ಪರ್ಮಿಷನ್ ತಗೊಂಡು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು. "ಬಹುದು" ಅಂತಿದೆ, ಯಾರೂ ಮಾಡ್ತಿರಲಿಲ್ಲ. 2025ರ ಮಾರ್ಚ್ 28ಕ್ಕೆ ಇಮ್ರಾನ್ ಪ್ರತಾಪ್‌ಗಢಿ ಕೇಸಲ್ಲಿ, ಅದು ಸೋಶಿಯಲ್ ಮೀಡಿಯಾದಲ್ಲಿ ಒಂದು ಕವಿತೆ ಹಾಕಿದ್ದಕ್ಕೆ ಗುಜರಾತಲ್ಲಿ ಆದ ಎಫ್‌ಐಆರ್, ಸುಪ್ರೀಂ ಕೋರ್ಟು ಮಾತು-ಬರಹದ ಈ ತರದ ಕೇಸಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡೋದೇ ಯಾವಾಗ್ಲೂ ಸೂಕ್ತ ಅಂತ ಹೇಳಿ ಆ ಎಫ್‌ಐಆರನ್ನೇ ರದ್ದು ಮಾಡ್ತು. ನಾಲ್ಕು ತಿಂಗಳ ಹಿಂದಿನ ತೀರ್ಪು, ನನ್ನ ಬ್ಯಾಗಲ್ಲಿ ಪ್ರಿಂಟ್ ಇತ್ತು. ಅಲ್ಲೇ ಟಾರ್ಚ್ ಬೆಳಕಲ್ಲಿ ಬಿಳಿ ಹಾಳೆ ಮೇಲೆ ಅರ್ಜಿ ಬರೆದೆ, 173(3) ಪ್ರಕಾರ ವಿಚಾರಣೆ ಮಾಡಿ, ಹುಡುಗನ್ನ ಬಿಟ್ಟು ಬೇಕಾದ್ರೆ ನೋಟಿಸ್ ಕೊಡಿ, ನೋಟಿಸ್ ವಾಟ್ಸಾಪಲ್ಲಿ ಬೇಡ ಕೈಗೇ ಕೊಡಿ (ವಾಟ್ಸಾಪಲ್ಲಿ ಕಳಿಸೋ ಹಾಗಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ), ಫೋನ್ ಇಟ್ಕೊಂಡಿದ್ದಕ್ಕೆ ಮಹಜರ್ ಮಾಡಿ ಅಂತ. ಟಪಾಲ್ ನೋಡೋರು ಇಲ್ಲ, ಸೀಲ್ ಹಾಕಲ್ಲ ಅಂದ್ರು. ಸರಿ ಅಂತ ಹಾಳೆ ಫೋಟೋ ತೆಗ್ದು, ನೆಟ್‌ವರ್ಕ್ ಸಿಗೋ ತನಕ ಗಾಡಿ ಓಡಿಸಿ, ಎಸ್‌ಪಿಗೂ ಡಿವೈಎಸ್‌ಪಿಗೂ ಇಮೇಲ್ ಹಾಕಿದಾಗ ರಾತ್ರಿ ಒಂದು ಗಂಟೆ ಹತ್ತು ನಿಮಿಷ. ಆ ಟೈಮೇ ಆಮೇಲೆ ನಮ್ಮ ಕೈ ಹಿಡಿದಿದ್ದು. ಮಾರನೇ ದಿನ ಹನ್ನೊಂದಕ್ಕೆ ಹುಡುಗನ್ನ ಬಿಟ್ರು, ಫೋನ್ ಕೊಡಲಿಲ್ಲ. ಹದಿನೇಳು ಗಂಟೆ ಒಳಗಿದ್ದ, ಒಂದು ಚೀಟಿ ಇಲ್ಲ.

ನಾವು ಕೇಳಿದ್ದ ಪ್ರಾಥಮಿಕ ವಿಚಾರಣೆ ಶುರು ಆಯ್ತು. ಅದಕ್ಕೆ ಉತ್ತರ ಬರೆದಿದ್ದು ಆಗಸ್ಟ್ 3, ಕಕ್ಕಡ ಪದಿನೆಟ್ಟು (ಕಕ್ಕಡದ ಹದಿನೆಂಟನೇ ದಿನ), ಮನೇಲಿ ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ, ಡ್ರಾಫ್ಟ್ ಹಾಳೆ ಮೇಲೆಲ್ಲಾ ಅದರ ಕಲೆ. ಅದರಲ್ಲಿ ನಾನು ರಬಾತ್ ಪ್ಲಾನ್ ತಂದೆ. ಮೊರಾಕೊ ದೇಶದ ರಬಾತಲ್ಲಿ 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಸೇರಿಸಿದ ತಜ್ಞರು ಒಪ್ಪಿದ್ದು ಅದು, ಯಾವ ಮಾತು ಕ್ರಿಮಿನಲ್ ಕೇಸ್ ಆಗಬೇಕು ಅಂತ ನೋಡೋಕೆ ಆರು ವಿಷಯ ಹೇಳುತ್ತೆ. ಸಂದರ್ಭ ಏನು, ಹೇಳಿದವನು ಯಾರು, ಉದ್ದೇಶ ಏನು, ಏನನ್ನ ಯಾವ ರೀತಿ ಹೇಳಿದ, ಎಷ್ಟು ಜನಕ್ಕೆ ತಲುಪ್ತು, ಕೆಡುಕು ಆಗೋ ಸಾಧ್ಯತೆ ಎಷ್ಟು. ಒಂದೊಂದನ್ನೂ ನಮ್ಮ ಹುಡುಗನಿಗೆ ಹೊಂದಿಸಿ ಬರೆದೆ. ಸಂದರ್ಭ ಅಂದ್ರೆ ಮನೆ ಸೋರ್ತಾ ಇದೆ. ಹೇಳಿದವನು ಪಿಕಪ್ ಡ್ರೈವರ್, ಅವನ ಮಾತಿಗೆ ಎದ್ದು ಬರೋ ಪಡೆ ಯಾವುದೂ ಇಲ್ಲ. ಉದ್ದೇಶ ಮೂರನೇ ಸ್ಟೇಟಸಲ್ಲೇ ಇದೆ. ತಲುಪಿದ್ದು 63 ಜನಕ್ಕೆ, ಅದು ಪೊಲೀಸರೇ ಹುಡುಗನ ಫೋನ್ ನೋಡಿ ಬರ್ಕೊಂಡ ಲೆಕ್ಕ. ಸೋಮವಾರ ಆಗಿದ್ದೇನು ಅಂದ್ರೆ ಹನ್ನೊಂದು ಹೆಂಗಸರು ಕೊಡೆ ಹಿಡ್ಕೊಂಡು ಹೋಗಿ ಅರ್ಜಿ ಕೊಟ್ಟು ಬಂದ್ರು. ಆ ಅರ್ಜಿಯ ಸ್ವೀಕೃತಿಯನ್ನೂ ಲಗತ್ತಿಸಿದೆ.

ರಬಾತ್ ಇಲ್ಲಿ ಕಾನೂನಲ್ಲ, ಅದು ನನಗೂ ಗೊತ್ತು, ಹಾಗಾಗಿ ಪಕ್ಕದಲ್ಲೇ ನಮ್ಮ ಸುಪ್ರೀಂ ಕೋರ್ಟನ್ನೂ ಇಟ್ಟೆ. 1997ರ ಬಿಲಾಲ್ ಅಹ್ಮದ್ ಕಾಲೂ ಕೇಸು 153ಎಗೆ ಕನಿಷ್ಠ ಎರಡು ಸಮುದಾಯ ಬೇಕು ಅನ್ನುತ್ತೆ. 2024ರ ಮಾರ್ಚ್ 7ರ ಜಾವೇದ್ ಅಹ್ಮದ್ ಹಜಾಮ್ ಕೇಸಂತೂ ಕೊಲ್ಹಾಪುರದ ಒಬ್ಬ ಪ್ರೊಫೆಸರ್ ಹಾಕಿದ ವಾಟ್ಸಾಪ್ ಸ್ಟೇಟಸ್ಸೇ, ಅಲ್ಲಿ ಕೋರ್ಟು ಮಾತಿನ ಪರಿಣಾಮವನ್ನ ಗಟ್ಟಿ ಮನಸ್ಸಿನ ವಿವೇಕದ ಮನುಷ್ಯನ ಲೆಕ್ಕದಲ್ಲಿ ಅಳೀಬೇಕು, ಎಲ್ಲದಕ್ಕೂ ಹೆದರೋ ದುರ್ಬಲ ಮನಸ್ಸಿನ ಲೆಕ್ಕದಲ್ಲಿ ಅಲ್ಲ ಅಂತ ಹೇಳಿ ಎಫ್‌ಐಆರ್ ರದ್ದು ಮಾಡ್ತು. ವಿಡಿಯೋನ ಪೆನ್‌ಡ್ರೈವಿಗೆ ಹಾಕಿ ಹ್ಯಾಶ್ ವ್ಯಾಲ್ಯೂ (ಫೈಲ್ ತಿದ್ದಿಲ್ಲ ಅಂತ ತೋರಿಸೋ ಗುರುತು) ತೆಗೆಸಿ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟ್ ಸಮೇತ ಕೊಟ್ಟೆ, ಹಳೇ ವಕೀಲರಿಗೆ 65ಬಿ ಅಂದ್ರೆ ಅರ್ಥ ಆಗುತ್ತೆ. ಹದಿನಾಲ್ಕನೇ ದಿನ ಮೇಲ್ನೋಟಕ್ಕೆ ಅಪರಾಧ ಇಲ್ಲ ಅಂತ ವಿಚಾರಣೆ ಮುಗೀತು, ಎಫ್‌ಐಆರ್ ಆಗಲಿಲ್ಲ. ಡಿವೈಎಸ್‌ಪಿ ಓದಿ ನೋಡಿ ಮಾಡಿದ್ರು, ಅದನ್ನ ಹೇಳಲೇಬೇಕು.

ಹುಡುಗನ ಅಮ್ಮ "ಸಾಕು ಸಾರ್, ಇಲ್ಲಿಗೇ ಬಿಡಿ" ಅಂದ್ರು. ಹುಡುಗನೇ "ಇಲ್ಲಮ್ಮ, ರಾತ್ರಿ ಇಡೀ ಕೂರಿಸಿದ್ದು ಯಾಕೆ ಅಂತ ಯಾರಾದ್ರೂ ಕೇಳಲಿ" ಅಂದ. ಅದಕ್ಕೇ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹಾಕಿದ್ವಿ. ಇದಕ್ಕೆ ವಕೀಲ ಬೇಕಾಗಿಲ್ಲ, ಫೀಸ್ ಇಲ್ಲ, ಕನ್ನಡದಲ್ಲೇ ಬರೆದು ಪೋಸ್ಟಲ್ಲಿ ಕಳಿಸಬಹುದು, ಘಟನೆ ಆಗಿ ಒಂದು ವರ್ಷದೊಳಗೆ ಹಾಕಬೇಕು, ವರ್ಷ ದಾಟಿದ್ರೆ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 36ನೇ ಸೆಕ್ಷನ್ ಅಡ್ಡ ಬರುತ್ತೆ. ರಾಷ್ಟ್ರೀಯ ಆಯೋಗಕ್ಕೂ ರಾಜ್ಯ ಆಯೋಗಕ್ಕೂ ಎರಡೂ ಕಡೆ ಹಾಕೋಕೆ ಹೋಗ್ಬೇಡಿ, ಒಂದು ಕಡೆ ಇದ್ರೆ ಇನ್ನೊಂದು ಕಡೆ ತಗೊಳ್ಳಲ್ಲ. ದೂರಿನಲ್ಲಿ ಐಸಿಸಿಪಿಆರ್, ಅಂದ್ರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 9 (ಮನಬಂದಂತೆ ಬಂಧಿಸೋ ಹಾಗಿಲ್ಲ) ಮತ್ತೆ 19ನೇ (ಮಾತಿನ ಹಕ್ಕು) ವಿಧಿ ಬರೆದೆ, ಭಾರತ 1979ರಲ್ಲೇ ಅದಕ್ಕೆ ಸೇರಿದೆ, ನಮ್ಮ ಕಾಯ್ದೆಯಲ್ಲಿ ಮಾನವ ಹಕ್ಕು ಅನ್ನೋದರ ಅರ್ಥ ಹೇಳುವಾಗ ಆ ಒಪ್ಪಂದವೂ ಬರುತ್ತೆ. ಆದ್ರೆ ನಮ್ಮ ದೇಶ ಅದರ ಐಚ್ಛಿಕ ಪ್ರೋಟೋಕಾಲಿಗೆ (ವ್ಯಕ್ತಿಗಳು ನೇರ ದೂರು ಕೊಡೋಕೆ ದಾರಿ ಮಾಡೋ ಪೂರಕ ಒಪ್ಪಂದ) ಸೇರಿಲ್ಲ, ಹಾಗಾಗಿ ಇಲ್ಲಿಂದ ಒಬ್ಬ ಮನುಷ್ಯ ನೇರವಾಗಿ ಜಿನೀವಾದ ಮಾನವ ಹಕ್ಕು ಸಮಿತಿಗೆ ದೂರು ಹಾಕೋಕೆ ಆಗಲ್ಲ, ನಮಗೆ ಇರೋ ಬಾಗಿಲು ಇದೇ. ಆಯೋಗ ಶಿಕ್ಷೆ ಕೊಡಲ್ಲ, ಶಿಫಾರಸು ಮಾಡುತ್ತೆ ಅಷ್ಟೇ, ಅದನ್ನ ಮೊದಲೇ ಆ ಮನೆಯವರಿಗೆ ಬಿಡಿಸಿ ಹೇಳಿದ್ದೆ. ಆದ್ರೂ ಸಿವಿಲ್ ಕೋರ್ಟಿನ ತರ ಕರೆಸೋ, ದಾಖಲೆ ತರಿಸೋ ಅಧಿಕಾರ ಇದೆ.

ನಾನು ಮುಖ್ಯವಾಗಿ ಕೇಳಿದ್ದು ಸಿಸಿಟಿವಿ ಫುಟೇಜ್. 2020ರ ಡಿಸೆಂಬರಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟು ಎಲ್ಲಾ ಸ್ಟೇಷನ್ನಲ್ಲೂ ಕ್ಯಾಮೆರಾ ಇರಬೇಕು, ಬಾಗಿಲಲ್ಲಿ ಬೋರ್ಡ್ ಹಾಕಬೇಕು, ಮಾನವ ಹಕ್ಕು ಆಯೋಗಕ್ಕೆ ದೂರು ಕೊಡೋ ಹಕ್ಕಿದೆ, ಫುಟೇಜ್ ಕನಿಷ್ಠ 6 ತಿಂಗಳು ಇರುತ್ತೆ ಅಂತ ಆ ಬೋರ್ಡಲ್ಲೇ ಬರೀಬೇಕು ಅಂದಿದೆ. ಆ ಬೋರ್ಡನ್ನ ನಾನು ಆ ಸ್ಟೇಷನ್ನಲ್ಲಿ ನೋಡಲಿಲ್ಲ. ಆಯೋಗ ರಿಪೋರ್ಟ್ ಕೇಳ್ತು, ಬಂದ ಉತ್ತರ "ಮಳೆಯಿಂದ ವಿದ್ಯುತ್ ಇರಲಿಲ್ಲ, ಫುಟೇಜ್ ಲಭ್ಯವಿಲ್ಲ." ಅದೇ ತೀರ್ಪಲ್ಲಿ ಕರೆಂಟ್ ಇಲ್ಲದ ಕಡೆ ಸೋಲಾರೋ ಗಾಳಿ ವಿದ್ಯುತ್ತೋ ಏನಾದ್ರೂ ಮಾಡಿ ಕೊಡೋದು ಸರ್ಕಾರದ ಕೆಲಸ ಅಂತ ಇದೆ, ಮಳೆಗಾಲ ಕೊಡಗಿಗೆ ಹೊಸದಾಗಿ ಬಂದಿದ್ದಾ? ಅದನ್ನೇ ಮರುಉತ್ತರದಲ್ಲಿ ಬರೆದು, ರಾತ್ರಿ ಒಂದು ಹತ್ತರ ಇಮೇಲ್ ಲಗತ್ತಿಸಿದೆ. ಕರೆತಂದು ತಕ್ಷಣ ಕಳಿಸಿದ್ವಿ ಅಂತ ರಿಪೋರ್ಟಲ್ಲಿ ಬರೆದಿದ್ರು, ಆ ಇಮೇಲ್ ಮುಂದೆ ಅದು ನಿಲ್ಲಲಿಲ್ಲ, ಎರಡನೇ ರಿಪೋರ್ಟಲ್ಲಿ "ರಾತ್ರಿ ಠಾಣೆಯಲ್ಲಿದ್ದದ್ದು ನಿಜ" ಅಂತ ಬಂತು, ಸಹಿ ಸಮೇತ. ಹುಡುಗ ಆ ಸಾಲನ್ನ ನನ್ನ ಆಫೀಸಲ್ಲಿ ನಿಂತ್ಕೊಂಡೇ ಮೂರು ಸಲ ಓದಿದ.

ಫೋನ್ ಸಿಕ್ಕಿದ್ದು 22ನೇ ದಿನಕ್ಕೆ. ಆಯೋಗದ ಆದೇಶ ಇನ್ನೂ ಬಂದಿಲ್ಲ. ತಂಗಿಯ ಫೋನ್ ಮಾತ್ರ ರೀಸೆಟ್ ಮಾಡ್ಬೇಡ, ಮಾರಬೇಡ, ಮೂಲ ವಿಡಿಯೋ ಅದರಲ್ಲೇ ಇರಬೇಕು ಅಂತ ಹೇಳಿದ್ದೀನಿ. ಡಿಸ್‌ಪ್ಲೇ ಒಡೆದು ಆಗಲೇ ಅರ್ಧ ಕಾಣಲ್ಲ, ಹೊಸದಕ್ಕೆ ದುಡ್ಡು ಕೂಡಿಡ್ತಿದ್ದಾಳೆ. ಹಳೇದು ತಂಡಿ ಹಿಡೀಬಾರ್ದು ಅಂತ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾಳಂತೆ, ವಾರಕ್ಕೊಂದು ಸಲ ತೆಗೆದು ಚಾರ್ಜ್ ಮಾಡಿ ಮತ್ತೆ ಇಡ್ತಾಳೆ.