ವೈಜ್ಞಾನಿಕ ಕಥೆಯಲ್ಲಿ ಅದರ ಕಾಲವನ್ನು ಓದುವ ಬಗೆ

ವೈಜ್ಞಾನಿಕ ಕಾದಂಬರಿಯನ್ನೋ ಸಿನಿಮಾವನ್ನೋ ಎತ್ತಿಕೊಂಡಾಗ, ಅದು ಹೇಳಿದ ಭವಿಷ್ಯ ನಿಜವಾಯಿತೇ ಎಂದು ಕೇಳುವುದು ರೂಢಿ. ಆ ಪ್ರಶ್ನೆಯನ್ನು ಮೊದಲು ಬದಿಗಿಡಬೇಕು. ಕೃತಿ ಹೊರಬಂದ ವರ್ಷವನ್ನೂ ಊರನ್ನೂ ಬರೆದುಕೊಂಡು, ಅಲ್ಲಿನ ಜನ ಆಗ ಯಾವುದರ ನಡುವೆ ಬದುಕುತ್ತಿದ್ದರು ಎಂದು ವಿಚಾರಿಸಬೇಕು. ಇದನ್ನು ಕಲಿಯಲು ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕಕ್ಕಿಂತ ಒಳ್ಳೆಯ ಪಠ್ಯ ನನಗೆ ಕಂಡಿಲ್ಲ. ಮೊದಲ ಮಹಾಯುದ್ಧ ಮುಗಿದು ಆಗ ಎರಡೇ ವರ್ಷವಾಗಿತ್ತು; ಸರಕು ತಯಾರಿಸುವ ಯಂತ್ರವಿದ್ಯೆಯೇ ಸಾವನ್ನೂ ರಾಶಿರಾಶಿಯಾಗಿ ತಯಾರಿಸಬಲ್ಲದೆಂಬುದನ್ನು ಯೂರೋಪು ಕಣ್ಣಾರೆ ಕಂಡಿತ್ತು.

ಅನಂತರ ಕಥೆ ಹುಟ್ಟಿಸಿದ ಹೊಸ ಪದಗಳ ಬೇರನ್ನು ಹುಡುಕಿ. ‘ರೋಬೋಟ್’ ಎಂಬ ಪದ ಲೋಕಕ್ಕೆ ಬಂದದ್ದು ಈ ನಾಟಕದಿಂದಲೇ. ಅದನ್ನು ಸೂಚಿಸಿದವರು ಚಾಪೆಕ್ ಅವರ ಅಣ್ಣ ಯೋಸೆಫ್. ಝೆಕ್ ಭಾಷೆಯ ‘ರೊಬೊತಾ’ ಎಂದರೆ ಒಕ್ಕಲು ತನ್ನ ಭೂಮಾಲೀಕನಿಗೆ ಕಡ್ಡಾಯವಾಗಿ ಸಲ್ಲಿಸಬೇಕಿದ್ದ ದುಡಿಮೆ; ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಅದು ರದ್ದಾದದ್ದು 1848ರಲ್ಲಿ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ‘ಬಿಟ್ಟಿ ಚಾಕರಿ’ ಎಂಬ ನಮ್ಮ ಮಾತೇ ಸಾಕು. ರೋಬೋಟ್ ಎಂದಿರುವಲ್ಲೆಲ್ಲ ‘ಬಿಟ್ಟಿಯಾಳು’ ಎಂದು ಓದಿಕೊಂಡರೆ ನಾಟಕದ ದಿಕ್ಕೇ ಬದಲಾಗುತ್ತದೆ. ಚಾಪೆಕ್ ಅವರ ರೋಬೋಟುಗಳು ಉಕ್ಕಿನವೂ ಅಲ್ಲ. ಕಾರ್ಖಾನೆಯಲ್ಲಿ ಕೃತಕ ಜೀವದ್ರವ್ಯದಿಂದ ರೂಪುಗೊಂಡ, ನೋಡಲು ಮನುಷ್ಯರಂತೆಯೇ ಇರುವ ಆಳುಗಳು.

ಇನ್ನು ನಿಜವಾದ ಕೆಲಸ. ಕಥೆ ಲೋಕದಲ್ಲಿ ಬದಲಿಸಿರುವ ಒಂದು ಸಂಗತಿಯನ್ನು ಗುರುತಿಸಿ, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಲೆಕ್ಕವನ್ನು ಅಂಕ ಅಂಕಕ್ಕೂ ಬರೆಯುತ್ತ ಹೋಗಬೇಕು. ಇಲ್ಲಿ ಬದಲಾದದ್ದು ಒಂದೇ: ದುಡಿಮೆ ಅಗ್ಗವಾಗಿದೆ. ಮನುಷ್ಯಕುಲವನ್ನು ದುಡಿಮೆಯಿಂದ ಬಿಡಿಸುವೆನೆಂದು ಕಾರ್ಖಾನೆಯ ಮುಖ್ಯಸ್ಥ ದೋಮಿನ್ ಮನಃಪೂರ್ವಕವಾಗಿಯೇ ಕನಸು ಕಾಣುತ್ತಾನೆ. ಆದರೆ ಕಂಪನಿಯ ಪಾಲುದಾರರಿಗೆ ಬೇಕಾದದ್ದು ಲಾಭಾಂಶ, ಸರ್ಕಾರಗಳಿಗೆ ಬೇಕಾದದ್ದು ಸೈನಿಕರು. ರೋಬೋಟುಗಳ ಕೈಗೆ ಆಯುಧ ಬರುವುದು ಹಾಗೆ. ಕೆಟ್ಟವನೊಬ್ಬನಿಂದ ಅನಾಹುತವಾಗುವುದಿಲ್ಲ, ಎಲ್ಲರೂ ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿ ನಡೆದುಕೊಂಡದ್ದರಿಂದಲೇ ಆಗುತ್ತದೆ. ಕೊನೆಗೆ ದಂಗೆ ಎದ್ದ ರೋಬೋಟುಗಳು ಉಳಿಸುವುದು ಕಂಪನಿಯ ಕಟ್ಟಡ ಕೆಲಸದ ಮುಖ್ಯಸ್ಥ ಆಲ್ಕ್ವಿಸ್ಟ್ ಒಬ್ಬನನ್ನೇ, ಅವನೂ ತಮ್ಮಂತೆ ಕೈಯಿಂದ ದುಡಿಯುತ್ತಾನೆಂಬ ಕಾರಣಕ್ಕೆ. ಇಂಥ ವಿನಾಯಿತಿ ಕಂಡಲ್ಲಿ ನಿಂತು ಯೋಚಿಸಬೇಕು. ಲೇಖಕರು ಯಾರ ಪಕ್ಷ ವಹಿಸಿದ್ದಾರೆಂಬುದು ಅಲ್ಲಿ ಬಯಲಾಗುತ್ತದೆ.

ಸಿನಿಮಾ ನೋಡುವಾಗ ಇದೇ ಲೆಕ್ಕವನ್ನು ಕಣ್ಣಿನಿಂದ ಮಾಡಬೇಕು. ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ 1927ರಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಮೂಕಿಚಿತ್ರ. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ ಎಂದಷ್ಟೇ ಗಮನಿಸುತ್ತ ಅದನ್ನು ಒಮ್ಮೆ ನೋಡಿ: ಒಡೆಯರು ಗೋಪುರಗಳಲ್ಲಿ, ಕಾರ್ಮಿಕರು ನೆಲದಡಿಯ ಊರಿನಲ್ಲಿ, ಪಾಳಿಯನ್ನು ಅಳೆಯಲು 10 ಗಂಟೆಗಳ ಗಡಿಯಾರ.

ಕೃತಿ ತಾನೇ ಸೂಚಿಸುವ ಪರಿಹಾರವನ್ನೂ ಪರೀಕ್ಷೆಗೆ ಒಡ್ಡಬೇಕು. ಮೆಚ್ಚಿದ ಕೃತಿಯಾದರೆ ಇನ್ನಷ್ಟು ಬಿಗಿಯಾಗಿ. ‘ಮೆಟ್ರೊಪೊಲಿಸ್’ ಮುಗಿಯುವುದು ಒಡೆಯನೂ ಕಾರ್ಮಿಕರ ಮೇಸ್ತ್ರಿಯೂ ಕೈಕುಲುಕುವುದರೊಂದಿಗೆ. ಆ ಪಾಳಿಯ ಅವಧಿ ಮರುದಿನದಿಂದ ಕಡಿಮೆಯಾಯಿತೇ ಎಂಬುದನ್ನು ಸಿನಿಮಾ ಹೇಳುವುದಿಲ್ಲ.